ಮನೆಯಲ್ಲೇ ಕಟ್ಟಿದ ಡ್ಯಾಕ್: ಗುಂಯ್ ಶಬ್ದ ಹೋಗುತ್ತಿಲ್ಲ, ಚಿಪ್ ಬದಲಿಸಬೇಕಾ?

ಶ್ರುತಿಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ರಾಸ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್‌ಗೆ ಆ ನೇರಳೆ ಬಣ್ಣದ ಪಿಸಿಎಂ5102ಎ ಮಾಡ್ಯೂಲ್ ಸೇರಿಸಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಸಾಧನ) ಮಾಡಿಕೊಂಡಿದ್ದೇನೆ. ಪೈನ 12, 35 ಮತ್ತು 40ನೇ ಪಿನ್‌ಗಳಿಂದ ಐ-ಟು-ಎಸ್ (ಡಿಜಿಟಲ್ ಹಾಡು ಸಾಗಿಸುವ) ತಂತಿ. ಮಾಡ್ಯೂಲ್‌ಗೆ ಕರೆಂಟ್ ಕೂಡ ಪೈನ 5 ವೋಲ್ಟ್ ಪಿನ್‌ನಿಂದಲೇ. ಅಲ್ಲಿಂದ ಆರ್‌ಸಿಎ ಕೇಬಲ್‌ನಲ್ಲಿ ನೇರ ಆಂಪ್ಲಿಫೈಯರ್‌ಗೆ. ಸಾಫ್ಟ್‌ವೇರ್ ವಾಲ್ಯೂಮಿಯೊ, ಹಾಡಿನ ಹೆಸರು ಕಾಣಲಿ ಅಂತ ಪೈಗೆ ಟಿವಿಯನ್ನೂ ಜೋಡಿಸಿದ್ದೇನೆ.

ಹಾಡು ಚೆನ್ನಾಗೇ ಬರುತ್ತದೆ. ಆದರೆ ಹಿಂದೆ ಗುಂಯ್ ಅಂತ ಒಂದು ಶಬ್ದ ಸದಾ ಇರುತ್ತದೆ. ತಂಬೂರಿ ಇರುವ ಕಛೇರಿಯಲ್ಲಿ ಅದು ಮುಚ್ಚಿಹೋಗುತ್ತದೆ. ಬರೀ ವೀಣೆ ಕೇಳುವಾಗ ಎರಡು ಮೀಟಿನ ನಡುವೆ ಎದ್ದು ಕೇಳಿಸುತ್ತದೆ. ಇನ್ನೊಂದು ತೊಂದರೆ: ಕೆಲವು ಸಲ ಪೈ ಆನ್ ಮಾಡಿದರೆ ಹಾಡೇ ಬರುವುದಿಲ್ಲ, ಇಲ್ಲವೇ ಜರ್ರ್ ಅಂತ ಬರುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ.

ಸ್ನೇಹಿತರೊಬ್ಬರು "ಇದನ್ನೆಲ್ಲ ಬಿಸಾಕು, ಟಿಡಿಎ1541ಎ ಹಾಕು, ಆಮೇಲೆ ಹೇಳು" ಅನ್ನುತ್ತಿದ್ದಾರೆ. ಅದು ಫಿಲಿಪ್ಸ್‌ನ ಹಳೆಯ ಡ್ಯಾಕ್ ಚಿಪ್. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಅದರ ಆಯ್ದ ದರ್ಜೆಯ, ಕಿರೀಟದ ಗುರುತಿರುವ ಎಸ್1 ಚಿಪ್ ಇದೆ. ಬೆಲೆ ಮಾತ್ರ ಮೈ ಜುಮ್ ಅನ್ನಿಸುವಷ್ಟು. ತಗೊಳ್ಳಲಾ?

ಮಿಲಿವೋಲ್ಟ್:

ತಗೋಬೇಡಿ. ಮೊದಲು ಗುಂಯ್ ಎಲ್ಲಿಂದ ಬರುತ್ತಿದೆ ಅಂತ ನೋಡೋಣ. ಚಿಪ್‌ನಿಂದಂತೂ ಅಲ್ಲ. ಪಿಸಿಎಂ5102ಎ ಡೇಟಾಶೀಟ್‌ನಲ್ಲಿ ಸಿಗ್ನಲ್ಲಿಗೂ ನಾಯ್ಸಿಗೂ ನಡುವಿನ ಅಂತರ 112 ಡೆಸಿಬೆಲ್. 16 ಬಿಟ್‌ನ ಸಿಡಿಗೆ ಲೆಕ್ಕದ ಪ್ರಕಾರವೇ ಸಿಗುವುದು 98. ಅಂದರೆ ನಿಮ್ಮ ಹಾಡಿಗಿಂತ ನಿಮ್ಮ ಚಿಪ್ ಸ್ವಚ್ಛವಾಗಿದೆ. ಗುಂಯ್ ಬೇರೆ ಕಡೆಯಿಂದ ಒಳಗೆ ಬರುತ್ತಿದೆ. ಈಗಿನ ಗ್ರೌಂಡ್ ಹಾಗೇ ಇಟ್ಟುಕೊಂಡು ಟಿಡಿಎ ಹಾಕಿದರೆ ದುಬಾರಿ ಗುಂಯ್ ಸಿಗುತ್ತದೆ, ಅಷ್ಟೇ.

ವಾಲ್ಯೂಮ್ ಪೂರ್ತಿ ಇಳಿಸಿ, ಆರ್‌ಸಿಎ ಕೇಬಲನ್ನು ಡ್ಯಾಕ್ ಕಡೆಯಿಂದ ಕಿತ್ತು, ಆ ತುದಿಯಲ್ಲಿ ನಡುವಿನ ಪಿನ್ ಮತ್ತು ಹೊರಗಿನ ಉಂಗುರ ಶಾರ್ಟ್ ಮಾಡಿ. ನಿಧಾನವಾಗಿ ವಾಲ್ಯೂಮ್ ಏರಿಸಿ. ಆಗಲೂ ಗುಂಯ್ ಇದ್ದರೆ ತಪ್ಪು ಆಂಪ್‌ನದ್ದು, ಡ್ಯಾಕ್ ಪಾಪದ್ದು. ಇಲ್ಲದಿದ್ದರೆ ಮುಂದಕ್ಕೆ ಹೋಗಿ.

ಆಮೇಲೆ ಗುಂಯ್ ಯಾವ ಜಾತಿಯದು ಅಂತ ಗುರುತಿಸಿ. ಟೋನ್ ಜನರೇಟರ್ ಆ್ಯಪ್‌ನಲ್ಲಿ 50 ಹರ್ಟ್ಸ್ ಒಂದು ಸಲ, 100 ಹರ್ಟ್ಸ್ ಒಂದು ಸಲ ಹಾಕಿ, ಹೆಡ್‌ಫೋನ್‌ನಲ್ಲಿ ಕೇಳಿ ಹೋಲಿಸಿ. ನಮ್ಮ ಮೇನ್ಸ್ 50 ಹರ್ಟ್ಸ್. ಅದೇ ಕೇಳಿಸಿದರೆ ಗ್ರೌಂಡ್ ಲೂಪ್ (ಗ್ರೌಂಡ್ ತಂತಿಗಳೇ ಉಂಗುರವಾಗಿ ಅದರಲ್ಲಿ ಕರೆಂಟ್ ಸುತ್ತುವುದು), ಇಲ್ಲವೇ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಕೇಬಲ್ ಹೋಗಿದೆ. ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ದಾಟಿದ ಮೇಲೆ ರಿಪಲ್ (ಡಿಸಿ ಮೇಲೆ ಉಳಿಯುವ ಅಲೆ) 100 ಹರ್ಟ್ಸ್ ಆಗುತ್ತದೆ. ಅದು ಕೇಳಿಸಿದರೆ ಯಾವುದೋ ಸಪ್ಲೈನ ಫಿಲ್ಟರ್ ಕೆಪಾಸಿಟರ್ ಸೋತಿದೆ. ಈ ಎರಡನ್ನು ಬೇರೆ ಮಾಡದೆ ಕೆಪಾಸಿಟರ್ ಬದಲಿಸುತ್ತಾ ಕೂತರೆ ಸುಮ್ನೆ ದುಡ್ಡು ದಂಡ.

ಮೂರನೆಯದು, ಪೈಗೆ ಅಡಾಪ್ಟರ್ ಬಿಟ್ಟು ಪವರ್ ಬ್ಯಾಂಕ್ ಹಾಕಿ. ಟಿವಿಗೆ ಹೋಗಿರುವ ಎಚ್‌ಡಿಎಂಐ ಕೇಬಲ್ ಕಿತ್ತುಹಾಕಿ. ಒಂದೊಂದಾಗಿ ಮಾಡಿ, ಎರಡೂ ಒಟ್ಟಿಗೆ ಬೇಡ.

ಹಳೇ_ರೇಡಿಯೊ:

ಮಿಲಿವೋಲ್ಟ್ ಸಾಹೇಬರು ಶುರು ಮಾಡಿದರು! ಗುಂಯ್ ವಿಷಯದಲ್ಲಿ ಅವರ ಮಾತು ಕೇಳಿ ಶ್ರುತಿಪೆಟ್ಟಿಗೆಯವರೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಟಿಡಿಎ ಬಗ್ಗೆ ಹಗುರವಾಗಿ ಮಾತಾಡಬೇಡಿ. ಎಂಬತ್ತರ ದಶಕದ ಚಿಪ್ ಅದು. ಇವತ್ತಿಗೂ ಜನ ಹುಡುಕಿಕೊಂಡು ಹೋಗುತ್ತಾರೆ ಅಂದರೆ ಸುಮ್ನೆ ಅಲ್ಲ.

ತಂತಿ_ಜೋಪಾನ:

ಜರ್ರ್ ಅನ್ನುವ ತೊಂದರೆಗೆ ಉತ್ತರ ನನ್ನ ಹತ್ತಿರ ಇದೆ. ಮಾಡ್ಯೂಲ್‌ನ ಎಸ್‌ಸಿಕೆ ಪಿನ್‌ಗೆ ಏನು ಕೊಟ್ಟಿದ್ದೀರಿ? ಏನೂ ಕೊಟ್ಟಿಲ್ಲ ಅಲ್ವಾ?

ಎಸ್‌ಸಿಕೆ ಅಂದರೆ ಮಾಸ್ಟರ್ ಕ್ಲಾಕ್ ಪಿನ್, ಡ್ಯಾಕ್‌ನ ಕೆಲಸಕ್ಕೆ ತಾಳ ಹಾಕುವ ಸಿಗ್ನಲ್‌ನದ್ದು. ಪೈನಿಂದ ಮಾಸ್ಟರ್ ಕ್ಲಾಕ್ ಬರುವುದಿಲ್ಲ. ಪಿಸಿಎಂ5102ಎ ಒಳಗೇ ಪಿಎಲ್‌ಎಲ್ ಎಂಬ ಒಂದು ಸರ್ಕ್ಯೂಟ್ ಇದೆ, ಬಿಟ್ ಕ್ಲಾಕ್ ನೋಡಿಕೊಂಡು ತನಗೆ ಬೇಕಾದ ಕ್ಲಾಕ್ ತಾನೇ ಮಾಡಿಕೊಳ್ಳುತ್ತದೆ. ಆದರೆ ಅದು ಶುರುವಾಗುವುದು ಎಸ್‌ಸಿಕೆ ಗ್ರೌಂಡ್‌ನಲ್ಲಿದ್ದಾಗ. ಆ ಪಿನ್ ಗಾಳಿಯಲ್ಲಿ ತೇಲುತ್ತಿದ್ದರೆ ಅಕ್ಕಪಕ್ಕದ ಗಲಾಟೆಯನ್ನೇ ಕ್ಲಾಕ್ ಅಂದುಕೊಳ್ಳುತ್ತದೆ. ಒಮ್ಮೆ ಸರಿ, ಒಮ್ಮೆ ಜರ್ರ್, ಒಮ್ಮೆ ಮೌನ. ಪಿನ್ ಪಕ್ಕದಲ್ಲೇ ಎರಡು ಚಿಕ್ಕ ಪ್ಯಾಡ್ ಇರುತ್ತವೆ. ಒಂದು ಹನಿ ಸೋಲ್ಡರ್ ಬಿಟ್ಟು ಎರಡನ್ನೂ ಕೂಡಿಸಿ.

ಬೋರ್ಡ್ ತಿರುಗಿಸಿದರೆ ಹಿಂದೆ 1ರಿಂದ 4ರ ತನಕ ಜಂಪರ್ ಪ್ಯಾಡ್‌ಗಳಿವೆ, ಪ್ರತಿಯೊಂದಕ್ಕೂ ಎಚ್ ಮತ್ತು ಎಲ್ ಅಂತ ಎರಡು ಬದಿ. ಮೂರನೆಯದು ಮ್ಯೂಟ್, ಅದು ಎಚ್ ಕಡೆ ಇರಬೇಕು. ಉಳಿದ ಮೂರೂ ಎಲ್ ಕಡೆ. ಕೆಲವು ಮಾಡ್ಯೂಲ್‌ಗಳಲ್ಲಿ ಇವನ್ನು ಕೂಡಿಸದೆಯೇ ಕಳಿಸುತ್ತಾರೆ. ಭೂತಗನ್ನಡಿ ಹಿಡಿದು ನೋಡಿ, ಬರಿಗಣ್ಣಿಗೆ ಕೂಡಿದ ಹಾಗೆ ಕಂಡರೂ ನಡುವೆ ಕೂದಲೆಳೆಯಷ್ಟು ಜಾಗ ಇರಬಹುದು.

ತಂತಿ ಎಷ್ಟು ಉದ್ದ ಇದೆ? ಸಾಮಾನ್ಯವಾಗಿ ಒಂದು ಸ್ಯಾಂಪಲ್‌ಗೆ 64 ಬಿಟ್ ಕ್ಲಾಕ್ ಲೆಕ್ಕ. ಹಾಗಾಗಿ 44.1 ಕಿಲೋಹರ್ಟ್ಸ್ ಹಾಡಿಗೆ ಆ ತಂತಿಯಲ್ಲಿ 2.8224 ಮೆಗಾಹರ್ಟ್ಸ್ ಓಡುತ್ತಿರುತ್ತದೆ. ಹತ್ತು ಸೆಂಟಿಮೀಟರ್ ಒಳಗೆ ಇಡಿ. ಪ್ರತಿ ಸಿಗ್ನಲ್ ತಂತಿಯ ಜೊತೆ ಒಂದು ಗ್ರೌಂಡ್ ತಂತಿ ಹೆಣೆದುಕೊಂಡು ಹೋಗಲಿ. ಪೈ ಕಡೆಯ ತುದಿಯಲ್ಲಿ 33 ಓಮ್ ರೆಸಿಸ್ಟರ್ ಒಂದೊಂದು ಸೀರೀಸ್‌ನಲ್ಲಿ ಹಾಕಿದರೆ ಇನ್ನೂ ಒಳ್ಳೆಯದು.

ಮಲ್ನಾಡ್_ಮೋಡ:

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ, ಕಾಲೇಜ್ ಪ್ರಾಜೆಕ್ಟ್‌ಗೆ ಡ್ಯಾಕ್ ಮಾಡಬೇಕು ಅಂತಿದ್ದೇನೆ. ಚಿಪ್ಪೇ ಬೇಡ, ಬರೀ ರೆಸಿಸ್ಟರ್‌ಗಳಿಂದ ಆರ್-2ಆರ್ ಲ್ಯಾಡರ್ (ಒಂದು ಬೆಲೆ ಮತ್ತು ಅದರ ಎರಡು ಪಟ್ಟು, ಈ ಎರಡೇ ಬೆಲೆಯ ರೆಸಿಸ್ಟರ್‌ಗಳ ಏಣಿ) ಕಟ್ಟಿದರೆ ಆಗಲ್ವಾ? ಎಸ್‌ಪಿ ರೋಡ್‌ನಲ್ಲಿ 1 ಪರ್ಸೆಂಟ್ ನಿಖರತೆಯ ಮೆಟಲ್ ಫಿಲ್ಮ್ ರೆಸಿಸ್ಟರ್ ಸುಲಭವಾಗಿ ಸಿಗುತ್ತದೆ. 0.1 ಪರ್ಸೆಂಟ್ ತರಿಸಬಹುದು.

ಮಿಲಿವೋಲ್ಟ್:

ಪ್ರಾಜೆಕ್ಟ್‌ಗೆ ಖಂಡಿತ ಮಾಡಿ, ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಹಾಡು ಕೇಳಲು ಮಾಡಬೇಕಿದ್ದರೆ ಈ ಲೆಕ್ಕ ಮಾಡಿಕೊಳ್ಳಿ.

16 ಬಿಟ್ ಅಂದರೆ 65,536 ಮೆಟ್ಟಿಲು. ಅತಿ ದೊಡ್ಡ ಬಿಟ್‌ನ ತೂಕ ಅದರಲ್ಲಿ ಅರ್ಧ. ಆ ಒಂದು ರೆಸಿಸ್ಟರ್ 0.1 ಪರ್ಸೆಂಟ್ ಆಚೀಚೆ ಆದರೆ ತಪ್ಪು ಸುಮಾರು 32 ಮೆಟ್ಟಿಲಿನಷ್ಟು. ತಕ್ಕಡಿಯಲ್ಲಿ ಮೂವತ್ತು ಕಿಲೋ ತೂಕದ ಕಲ್ಲೇ ಮೂವತ್ತು ಗ್ರಾಂ ಸುಳ್ಳು ಹೇಳುತ್ತಿರುವಾಗ, ಇನ್ನೊಂದು ಬದಿಯಲ್ಲಿ ಒಂದೊಂದೇ ಗ್ರಾಂ ಇಟ್ಟು ಸರಿದೂಗಿಸಿದ ಹಾಗೆ. ಕೆಳಗಿನ ನಾಲ್ಕೈದು ಬಿಟ್ ಇದ್ದೂ ಇಲ್ಲದಂತೆ.

ಇನ್ನೂ ಕೆಟ್ಟ ಸಂಗತಿ ಎಂದರೆ ಆ ತಪ್ಪು ಆಗುವ ಜಾಗ. ದೊಡ್ಡ ಬಿಟ್ ಬದಲಾಗುವುದು ಸರಿಯಾಗಿ ನಡುವೆ, ಅಂದರೆ ಸಿಗ್ನಲ್ ಸೊನ್ನೆ ದಾಟುವಲ್ಲಿ. ಎಲ್ಲ ಸಂಗೀತವೂ ಸೊನ್ನೆ ದಾಟುತ್ತಲೇ ಇರುತ್ತದೆ. ಮೆಲ್ಲಗೆ ಇರುವ ಭಾಗ ಪೂರ್ತಿ ಅಲ್ಲೇ ಸುತ್ತುತ್ತಿರುತ್ತದೆ. ಜೋರಾಗಿ ನುಡಿಸುವಾಗ ಕಾಣದ ಡಿಸ್ಟಾರ್ಷನ್, ಮೀಟಿದ ತಂತಿಯ ನಾದ ಸಣ್ಣಗಾಗುತ್ತಾ ಹೋಗುವಾಗ ಒರಟಾಗಿ ಕೇಳಿಸುತ್ತದೆ.

8 ಬಿಟ್ ಲ್ಯಾಡರ್ ಕಟ್ಟಿ, ಆಸಿಲೋಸ್ಕೋಪ್‌ನಲ್ಲಿ ಮೆಟ್ಟಿಲು ನೋಡಿ. ಆಮೇಲೆ ದೊಡ್ಡ ಬಿಟ್‌ನ ರೆಸಿಸ್ಟರ್‌ಗೆ ಬೇಕೆಂದೇ 1 ಪರ್ಸೆಂಟ್ ಹೆಚ್ಚಿನದು ಹಾಕಿ ನಡುವಿನ ಮೆಟ್ಟಿಲು ಹೇಗೆ ಕೆಡುತ್ತದೆ ಅಂತ ತೋರಿಸಿ. ಮೇಷ್ಟ್ರು ಖುಷಿಯಾಗುತ್ತಾರೆ.

ಹಳೇ_ರೇಡಿಯೊ:

ಮಿಲಿವೋಲ್ಟ್ ಅವರು ಈಗ ಹೇಳಿದ ತೊಂದರೆಗೇ ಟಿಡಿಎ1541ಎ ಒಳಗೆ ಉತ್ತರ ಇರುವುದು. ಫಿಲಿಪ್ಸ್‌ನ ರೂಡಿ ವಾನ್ ಡೆ ಪ್ಲಾಷೆ 1976ರಲ್ಲೇ ಒಂದು ಉಪಾಯ ಕೊಟ್ಟರು. ಎರಡು ಕರೆಂಟ್‌ಗಳು ಪೂರ್ತಿ ಸಮ ಇರಲು ಸಾಧ್ಯವಿಲ್ಲ ಅಲ್ವಾ? ಹಾಗಾದರೆ ಅವುಗಳ ಜಾಗವನ್ನು ಬೇಗ ಬೇಗ ಅದಲುಬದಲು ಮಾಡುತ್ತಿರಿ. ಸರಾಸರಿ ತೆಗೆದರೆ ಸಮ ಆಗುತ್ತದೆ. ಆ ಸರಾಸರಿ ತೆಗೆಯುವ ಕೆಲಸ ಕೆಪಾಸಿಟರ್‌ಗಳದ್ದು. ಚಿಪ್‌ನ 7ರಿಂದ 13 ಮತ್ತು 18ರಿಂದ 24ನೇ ಪಿನ್ ತನಕ, ಒಟ್ಟು ಹದಿನಾಲ್ಕು ಕೆಪಾಸಿಟರ್ ಅದಕ್ಕೇ ಬೇಕು. ರೆಸಿಸ್ಟರ್ ಆರಿಸುತ್ತಾ ಕೂರದೆ 16 ಬಿಟ್ ನಿಖರತೆ ತಂದರು. ಇದನ್ನು ನೋಡಿದರೆ ನನಗೆ ಈಗಲೂ ಕೈ ಮುಗಿಯೋಣ ಅನ್ನಿಸುತ್ತದೆ.

ಇನ್ನೊಂದು ಮಜಾ ಕೇಳಿ. ಮೊದಲ ಸಿಡಿ ಪ್ಲೇಯರ್‌ಗಳ ಕಾಲದಲ್ಲಿ ಫಿಲಿಪ್ಸ್ ಹತ್ತಿರ ಇದ್ದದ್ದು 14 ಬಿಟ್ ಚಿಪ್, ಟಿಡಿಎ1540. ಸಿಡಿ ಮಾತ್ರ 16 ಬಿಟ್. ಅವರು ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ ಮಾಡಿ (ಸ್ಯಾಂಪಲ್‌ಗಳ ನಡುವೆ ಲೆಕ್ಕ ಹಾಕಿದ ಹೊಸ ಸ್ಯಾಂಪಲ್ ತುಂಬಿ) 176.4 ಕಿಲೋಹರ್ಟ್ಸ್‌ಗೆ ಏರಿಸಿ, ನಾಯ್ಸನ್ನು ಕಿವಿಗೆ ಕೇಳದ ಕಡೆ ತಳ್ಳಿ, 14ರಲ್ಲೇ 16ರ ಕೆಲಸ ತೆಗೆದರು. ಇವತ್ತಿನ ಪಿಸಿಎಂ5102ಎ ಮಾಡುವುದೂ ಅದೇ ವಂಶದ ಕೆಲಸ.

ಶ್ರುತಿಪೆಟ್ಟಿಗೆ:

ಎಸ್‌ಸಿಕೆ ಪ್ಯಾಡ್ ಕೂಡಿಸಿದೆ, ಜರ್ರ್ ಹೋಯಿತು. ತಂತಿ_ಜೋಪಾನ ಮೇಡಂ, ತುಂಬಾ ಥ್ಯಾಂಕ್ಸ್. ಹಿಂದಿನ ಜಂಪರ್‌ಗಳು ಮೊದಲೇ ಸರಿ ಇದ್ದವು.

ಗುಂಯ್ ವಿಷಯ: ಕೇಬಲ್ ಶಾರ್ಟ್ ಮಾಡಿದಾಗ ಆಂಪ್ ಪೂರ್ತಿ ಸುಮ್ಮನಿತ್ತು. ಟೋನ್ ಹೋಲಿಸಿದರೆ 50 ಹರ್ಟ್ಸೇ. ಪವರ್ ಬ್ಯಾಂಕ್ ಹಾಕಿದೆ, ಸ್ವಲ್ಪ ಮಾತ್ರ ಕಮ್ಮಿಯಾಯಿತು. ಎಚ್‌ಡಿಎಂಐ ಕಿತ್ತ ತಕ್ಷಣ ಮುಕ್ಕಾಲು ಪಾಲು ಮಾಯ! ಟಿವಿ ಆಫ್ ಇದ್ದಾಗಲೂ ಕೇಬಲ್ ಚುಚ್ಚಿದರೆ ವಾಪಸ್ ಬರುತ್ತದೆ. ಇದೇನು ಇದು?

ಮಿಲಿವೋಲ್ಟ್:

ನಿಮ್ಮ ಟಿವಿಗೆ ಸೆಟ್ ಟಾಪ್ ಬಾಕ್ಸ್ ಇದೆಯಲ್ಲ, ಅದಕ್ಕೆ ಛಾವಣಿಯ ಡಿಶ್‌ನಿಂದಲೋ ಕಂಬದಿಂದಲೋ ಕೇಬಲ್ ಬಂದಿದೆ. ಆ ಕೇಬಲ್‌ನ ಹೊರಕವಚ ಎಲ್ಲೋ ಒಂದು ಕಡೆ ಭೂಮಿಗೆ ತಾಗಿದೆ. ಅಲ್ಲಿಂದ ಟಿವಿ, ಟಿವಿಯಿಂದ ಎಚ್‌ಡಿಎಂಐ ಕವಚ, ಅಲ್ಲಿಂದ ಪೈನ ಗ್ರೌಂಡ್, ಆರ್‌ಸಿಎ ಕವಚ, ಆಂಪ್, ಆಂಪ್‌ನ ಮೂರು ಪಿನ್ ಪ್ಲಗ್ ಮೂಲಕ ಮನೆಯ ಅರ್ಥಿಂಗ್. ದೊಡ್ಡ ಉಂಗುರ ಆಯಿತು. ಎರಡು ಅರ್ಥ್‌ಗಳ ನಡುವೆ ಒಂದು ವೋಲ್ಟ್ ವ್ಯತ್ಯಾಸ ಇದ್ದರೂ ಆ ಉಂಗುರದಲ್ಲಿ 50 ಹರ್ಟ್ಸ್ ಕರೆಂಟ್ ಸುತ್ತುತ್ತದೆ. ಟಿವಿ ಆಫ್ ಆದರೆ ತಂತಿ ಕಡಿಯುವುದಿಲ್ಲವಲ್ಲ. ಹಾಡಿನ ಹೆಸರು ಫೋನ್‌ನಲ್ಲೇ ನೋಡಿಕೊಳ್ಳಿ, ಎಚ್‌ಡಿಎಂಐ ಬೇಡವೇ ಬೇಡ.

ಉಳಿದ ಕಾಲು ಪಾಲು ಅಡಾಪ್ಟರ್‌ನದ್ದು. ಎರಡು ಪಿನ್‌ನ ಎಸ್‌ಎಂಪಿಎಸ್ (ಕರೆಂಟನ್ನು ವೇಗವಾಗಿ ಸ್ವಿಚ್ ಮಾಡಿ ವೋಲ್ಟ್ ಇಳಿಸುವ) ಅಡಾಪ್ಟರ್ ಒಳಗೆ ಮೇನ್ಸ್ ಕಡೆಯಿಂದ ಔಟ್‌ಪುಟ್ ಕಡೆಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಚೂರು ಕರೆಂಟ್ ಸೋರಿ ಆರ್‌ಸಿಎ ಕವಚದಲ್ಲಿ ಹರಿದು ಆಂಪ್‌ಗೆ ಇಳಿಯುತ್ತದೆ.

ಒಂದು ಎಚ್ಚರಿಕೆ. ಯಾರಾದರೂ "ಆಂಪ್‌ನ ಅರ್ಥ್ ಪಿನ್ ಮುರಿದುಹಾಕು, ಗುಂಯ್ ಹೋಗುತ್ತದೆ" ಅಂದರೆ ಕೇಳಬೇಡಿ. ಗುಂಯ್ ಹೋಗುವುದು ನಿಜ. ಟ್ರಾನ್ಸ್‌ಫಾರ್ಮರ್ ಇನ್ಸುಲೇಷನ್ ಕೆಟ್ಟ ದಿನ ಆಂಪ್‌ನ ಬಾಡಿ ಪೂರ್ತಿ 230 ವೋಲ್ಟ್ ಆಗುವುದೂ ಅಷ್ಟೇ ನಿಜ.

ಸನಿವೇಲ್_ಸೀನ:

ಅಮೆರಿಕದಲ್ಲಿ ಇರುವವರು ಈ ಚರ್ಚೆ ಓದಿದರೆ 50, 100 ಬದಲು 60, 120 ಹರ್ಟ್ಸ್ ಅಂತ ಓದಿಕೊಳ್ಳಿ. ಇಲ್ಲೂ ಕೇಬಲ್ ಟಿವಿಯ ಕವಚದ್ದೇ ಕಾಟ. ಊರಿಂದ ತಂದ 230 ವೋಲ್ಟ್ ಟ್ರಾನ್ಸ್‌ಫಾರ್ಮರನ್ನು ಇಲ್ಲಿನ 120ಕ್ಕೆ ಚುಚ್ಚಿ ಅರ್ಧ ವೋಲ್ಟೇಜ್ ಯಾಕೆ ಬರುತ್ತಿದೆ ಅಂತ ತಲೆ ಕೆರೆದುಕೊಂಡವರನ್ನೂ ನೋಡಿದ್ದೇನೆ.

ಶ್ರುತಿಪೆಟ್ಟಿಗೆ:

ಹಾಗಾದರೆ ಮಾಡ್ಯೂಲ್‌ಗೆ ಬೇರೆ ಟ್ರಾನ್ಸ್‌ಫಾರ್ಮರ್ ಹಾಕಿ ಲೀನಿಯರ್ ಸಪ್ಲೈ (ಸ್ವಿಚಿಂಗ್ ಇಲ್ಲದ ಸಪ್ಲೈ) ಕಟ್ಟಿದರೆ ಉಳಿದದ್ದೂ ಹೋಗುತ್ತದಾ?

ತಂತಿ_ಜೋಪಾನ:

ಇಲ್ಲ. ಬಹಳ ಜನ ಇಲ್ಲೇ ಎಡವುವುದು. ಮಾಡ್ಯೂಲ್‌ಗೆ ಎಷ್ಟೇ ಶುದ್ಧ ಸಪ್ಲೈ ಕೊಟ್ಟರೂ ಐ-ಟು-ಎಸ್ ಜೊತೆ ಪೈನ ಗ್ರೌಂಡ್ ಬಂದೇ ಬರುತ್ತದೆ. ಅಡಾಪ್ಟರ್‌ನಿಂದ ಸೋರುವ ಕರೆಂಟ್ ಆ ದಾರಿಯಲ್ಲೇ ನುಗ್ಗುತ್ತದೆ. ಲೀನಿಯರ್ ಸಪ್ಲೈ ಬೇಕಿರುವುದು ಪೈಗೆ. ಇಲ್ಲದಿದ್ದರೆ ಪೈಗೂ ಡ್ಯಾಕ್‌ಗೂ ನಡುವೆ ಡಿಜಿಟಲ್ ಐಸೊಲೇಟರ್ (ಗ್ರೌಂಡ್ ಕೂಡಿಸದೆ ಸಿಗ್ನಲ್ ಮಾತ್ರ ದಾಟಿಸುವ ಚಿಪ್) ಹಾಕಿ, ಎರಡೂ ಕಡೆಗೆ ಬೇರೆ ಬೇರೆ ಸಪ್ಲೈ ಕೊಡಬೇಕು. ಆಪ್ಟಿಕಲ್ ಕೇಬಲ್ ಬಳಸಿದರೂ ಅದೇ ಫಲ, ಬೆಳಕಿಗೆ ಗ್ರೌಂಡ್ ಇಲ್ಲ.

ಐಸೊಲೇಟರ್ ಹಾಕುವುದಾದರೆ ಡ್ಯಾಕ್ ಕಡೆಯ ಸಪ್ಲೈಗೆ ದೊಡ್ಡ ಸರ್ಕಸ್ ಬೇಡ. 9-0-9, 500 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್, ಎರಡು 1ಎನ್4007 ಡಯೋಡ್, ಒಂದು 2200 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್, ಒಂದು 7805 (5 ವೋಲ್ಟ್ ರೆಗ್ಯುಲೇಟರ್). ಡಯೋಡ್ ದಾಟಿ ಸುಮಾರು 12 ವೋಲ್ಟ್ ಬರುತ್ತದೆ. ಮಾಡ್ಯೂಲ್ 50 ಮಿಲಿಆಂಪ್ ಎಳೆದರೂ 7805 ಮೇಲೆ ಬೀಳುವುದು ಮೂರನೇ ಒಂದು ವಾಟ್, ಹೀಟ್‌ಸಿಂಕ್ ಕೂಡ ಬೇಡ. ಮಾಡ್ಯೂಲ್ ಮೇಲೆಯೇ 3.3 ವೋಲ್ಟ್ ರೆಗ್ಯುಲೇಟರ್ ಇದೆ, ಎರಡು ಹಂತದ ಶೋಧನೆ ಆಯಿತು. ಟ್ರಾನ್ಸ್‌ಫಾರ್ಮರನ್ನು ಡ್ಯಾಕ್‌ನಿಂದ ದೂರ ಇಡಿ. ಪ್ರೈಮರಿಗೆ ಫ್ಯೂಸ್ ಹಾಕಿ, ಸ್ಲೀವ್ ಏರಿಸಿ. ಮಕ್ಕಳಿರುವ ಮನೆಯಲ್ಲಿ ಡಾಟ್ ಬೋರ್ಡ್ ಮೇಲೆ ಮೇನ್ಸ್ ತೆರೆದಿಡಬೇಡಿ.

ಹಳೇ_ರೇಡಿಯೊ:

ಒಂದು ಮಾತು ಯಾರೂ ಹೇಳಲಿಲ್ಲ. ಆ ಮಾಡ್ಯೂಲ್ ಫುಲ್ ಸ್ಕೇಲ್‌ನಲ್ಲಿ (ಅತಿ ಜೋರಾದ ಸಿಗ್ನಲ್‌ಗೆ) 2.1 ವೋಲ್ಟ್ ಕೊಡುತ್ತದೆ. ನಮ್ಮ ಹಳೆಯ ಆಂಪ್‌ಗಳಿಗೆ ಇನ್ನೂರು ಮುನ್ನೂರು ಮಿಲಿವೋಲ್ಟ್ ಸಾಕು. ಅದಕ್ಕೇ ವಾಲ್ಯೂಮ್ ಸ್ವಲ್ಪ ತಿರುಗಿಸುವಷ್ಟರಲ್ಲಿ ಮನೆ ಹಾರಿಹೋಗುತ್ತದೆ, ಎಡ ಬಲ ಚಾನೆಲ್ ಸಮ ಇರುವುದಿಲ್ಲ. ಆಂಪ್ ಕಡೆಯ ತುದಿಯಲ್ಲಿ 3.3 ಕಿಲೋಓಮ್ ಸೀರೀಸ್, 1 ಕಿಲೋಓಮ್ ಗ್ರೌಂಡ್‌ಗೆ ಹಾಕಿ. ಸುಮಾರು 13 ಡೆಸಿಬೆಲ್ ಇಳಿಯುತ್ತದೆ, ಉಳಿದ ಗುಂಯ್ ಕೂಡ ಸಿಗ್ನಲ್ ಜೊತೆಗೇ ಇಳಿಯುತ್ತದೆ.

ಮಿಲಿವೋಲ್ಟ್:

ಒಳ್ಳೆಯ ಮಾತು, ಪೂರ್ತಿ ಒಪ್ಪಿದೆ. ದಿನಾಂಕ ಬರೆದಿಟ್ಟುಕೊಳ್ಳಿ ಯಾರಾದರೂ.

ಹಳೇ_ರೇಡಿಯೊ:

ಹಾಗಾದರೆ ಟಿಡಿಎ ಬಗ್ಗೆಯೂ ಒಪ್ಪಿಬಿಡಿ. ಓವರ್‌ಸ್ಯಾಂಪ್ಲಿಂಗ್ ಫಿಲ್ಟರ್ ಇಲ್ಲದೆ ಟಿಡಿಎ1541ಎ ಕೇಳಿ ನೋಡಿ. ಮೃದಂಗದ ಚಾಪು ಮೈಮೇಲೆ ಬರುವುದಿಲ್ಲ, ಕಂಠ ಮೆತ್ತಗೆ ಕೂರುತ್ತದೆ. ಪಿಸಿಎಂನಲ್ಲಿ ನನಗೆ ಆ ಸುಖ ಸಿಕ್ಕಿಲ್ಲ.

ಮಿಲಿವೋಲ್ಟ್:

ನಿಮಗೆ ಕೇಳಿಸುವುದು ಸುಳ್ಳು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಕಾರಣ ಇದೆ. ಫಿಲ್ಟರ್ ಇಲ್ಲದ ಡ್ಯಾಕ್ ಪ್ರತಿ ಸ್ಯಾಂಪಲನ್ನೂ ಮುಂದಿನದು ಬರುವ ತನಕ ಹಿಡಿದಿಡುತ್ತದೆ. ಅದರಿಂದ ಮೇಲಿನ ಸ್ವರಗಳ ಮಟ್ಟ ಇಳಿಯುತ್ತಾ ಹೋಗುತ್ತದೆ. 44.1ರಲ್ಲಿ 10 ಕಿಲೋಹರ್ಟ್ಸ್ ಮುಕ್ಕಾಲು ಡೆಸಿಬೆಲ್ ಕಮ್ಮಿ, 20 ಕಿಲೋಹರ್ಟ್ಸ್ 3.2 ಡೆಸಿಬೆಲ್ ಕಮ್ಮಿ. ಮೆತ್ತಗೆ ಕೇಳಿಸದೆ ಇನ್ನೇನು? ಜೊತೆಗೆ 1 ಕಿಲೋಹರ್ಟ್ಸ್ ಸ್ವರಕ್ಕೆ 43.1 ಮತ್ತು 45.1ರಲ್ಲಿ ನೆರಳುಗಳೂ ಹೊರಬರುತ್ತವೆ. ಕಿವಿಗೆ ಕೇಳದು, ಆದರೆ ಕೆಲವು ಆಂಪ್‌ಗಳು ಅದನ್ನು ಸಹಿಸುವುದಿಲ್ಲ. ಅದೇ ಇಳಿತವನ್ನು ಪಿಸಿಎಂ ಮೇಲೆ ಸಾಫ್ಟ್‌ವೇರ್ ಈಕ್ವಲೈಜರ್‌ನಲ್ಲಿ ಹಾಕಿ ಕೇಳಿ. ನಿಮ್ಮ ಸುಖದ ಅರ್ಧ ಭಾಗ ಅಲ್ಲೇ ಪುಕ್ಕಟೆ ಸಿಗಬಹುದು.

ಹಳೇ_ರೇಡಿಯೊ:

ಉಳಿದರ್ಧ?

ಮಿಲಿವೋಲ್ಟ್:

ಅದಕ್ಕೆ ಕಣ್ಣು ಕಟ್ಟಿ ಕೇಳಬೇಕು. ಎರಡೂ ಡ್ಯಾಕ್‌ನ ಸದ್ದು 0.1 ಡೆಸಿಬೆಲ್ ಒಳಗೆ ಸಮ ಮಾಡಿ, ಅಂದರೆ ಮಲ್ಟಿಮೀಟರ್‌ನಲ್ಲಿ 1 ಪರ್ಸೆಂಟ್. ಸಾಮಾನ್ಯ ಮೀಟರ್‌ಗಳು 400 ಹರ್ಟ್ಸ್ ದಾಟಿದರೆ ನಂಬಿಕೆಗೆ ಯೋಗ್ಯವಲ್ಲ, ಅದಕ್ಕೇ 300 ಹರ್ಟ್ಸ್ ಟೋನ್ ಇಟ್ಟು ಅಳೆಯಿರಿ. ಸ್ವಿಚ್ ಬೇರೆಯವರ ಕೈಯಲ್ಲಿರಲಿ. ಚೂರು ಜೋರಾಗಿರುವುದೇ ಚೆನ್ನಾಗಿ ಕೇಳಿಸುತ್ತದೆ. ಹೀಗೆ ಸಮ ಮಾಡದೆ ಕೊಟ್ಟ ತೀರ್ಪನ್ನು ನಾನು ಒಪ್ಪುವುದಿಲ್ಲ, ನನ್ನದನ್ನೂ ಸೇರಿಸಿ.

ಮಲ್ನಾಡ್_ಮೋಡ:

ಪೈನ ಕ್ಲಾಕ್ ಸರಿಯಿಲ್ಲ, ಜಿಟ್ಟರ್ (ಕ್ಲಾಕ್‌ನ ತಾಳ ಹಿಂದುಮುಂದಾಗುವುದು) ಜಾಸ್ತಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ನಿಜಾನಾ?

ತಂತಿ_ಜೋಪಾನ:

ನಿಜ. ಪೈ ಮೇಲಿರುವ ಕ್ರಿಸ್ಟಲ್ 19.2 ಮೆಗಾಹರ್ಟ್ಸ್. ಅದನ್ನು ಭಾಗಿಸಿ 2.8224 ಶೇಷ ಇಲ್ಲದೆ ಬರುವುದಿಲ್ಲ. ಹಿಂದೆ ಮುಂದೆ ಎಳೆದು ಸರಾಸರಿ ಹೊಂದಿಸುತ್ತದೆ. ಡ್ಯಾಕ್‌ನ ಪಿಎಲ್‌ಎಲ್ ಅದನ್ನು ತಕ್ಕಮಟ್ಟಿಗೆ ನೇರ ಮಾಡುತ್ತದೆ. ಸಮಾಧಾನ ಇಲ್ಲದವರು ಎರಡು ಆಸಿಲೇಟರ್ ಇರುವ ಬೋರ್ಡ್ ತಗೊಳ್ಳಬಹುದು: 44.1ರ ಕುಟುಂಬಕ್ಕೆ 22.5792 ಮೆಗಾಹರ್ಟ್ಸ್, 48ಕ್ಕೆ 24.576. ಎರಡೂ ತಮ್ಮ ತಮ್ಮ ದರದ ಸರಿಯಾಗಿ 512 ಪಟ್ಟು. ಅಲ್ಲಿ ಡ್ಯಾಕ್ ಯಜಮಾನ, ಪೈ ಆಳು. ಆದರೆ ಗುಂಯ್ ಇರುವ ಮನೆಯಲ್ಲಿ ಜಿಟ್ಟರ್ ಚರ್ಚೆ ಬೇಡ. ಕ್ರಮ ಯಾವಾಗಲೂ ಗ್ರೌಂಡ್, ಸಪ್ಲೈ, ಲೆವೆಲ್, ಆಮೇಲೆ ಕ್ಲಾಕ್. ಚಿಪ್ ಬ್ರ್ಯಾಂಡ್ ಕೊನೆಗೆ.

ಶ್ರುತಿಪೆಟ್ಟಿಗೆ:

ಹಳೆಯ ಆಂಪ್ ಒಂದರ ಟ್ರಾನ್ಸ್‌ಫಾರ್ಮರ್ ಮನೆಯಲ್ಲಿತ್ತು. ಅದರಿಂದ ಪೈಗೆ 5 ವೋಲ್ಟ್ ಲೀನಿಯರ್ ಸಪ್ಲೈ ಮಾಡಿಸಿದೆ, ಹಳೇ_ರೇಡಿಯೊ ಸರ್ ಹೇಳಿದ ರೆಸಿಸ್ಟರ್ ಜೋಡಿಯನ್ನೂ ಹಾಕಿದೆ. ಈಗ ಸ್ಪೀಕರ್‌ಗೆ ಕಿವಿ ಒತ್ತಿದರೆ ಮಾತ್ರ ಸ್ವಲ್ಪ ಸುಯ್ ಅನ್ನುತ್ತದೆ, ಅದು ಆಂಪ್‌ನದ್ದೇ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಹಾಕಿದೆ. ಈಗ ಬರುವ ಸರ್ರ್ ಹಳೆಯ ಟೇಪ್‌ನದು ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ, ಹಿಂದೆ ಅದೂ ಗುಂಯ್ ಒಳಗೆ ಕಲೆಸಿಹೋಗಿತ್ತು.

ಆದರೂ ಟಿಡಿಎ ಆಸೆ ಬಿಟ್ಟಿಲ್ಲ, ನಿಜ ಹೇಳಬೇಕಲ್ಲ. ಆ ಕಿರೀಟದ ಚಿಪ್ ಇನ್ನೂ ಮಾರಾಟವಾಗಿಲ್ಲ.

ಹಳೇ_ರೇಡಿಯೊ:

ಆ ಕಿರೀಟವನ್ನು ನಂಬಬೇಡಿ. ಸಾಮಾನ್ಯ ಟಿಡಿಎ1541ಎಯ ಮೇಲ್ಮೈ ಉಜ್ಜಿ, ಎಸ್1 ಕಿರೀಟ ಅಚ್ಚು ಹಾಕಿ ಮಾರುವವರು ಬಹಳ ಜನ. ಅಚ್ಚಿನ ಬಿಳಿ ತೀರಾ ಹೊಸದಾಗಿದ್ದು, ಕಾಲುಗಳಲ್ಲಿ ಮಾತ್ರ ಹಳೆ ಸೋಲ್ಡರ್ ಇದ್ದರೆ ದೂರ ಇರಿ. ಎಸ್1 ಇಲ್ಲದ ಮಾಮೂಲಿ ಚಿಪ್ಪೇ ಮನೆಗೆ ಧಾರಾಳ ಸಾಕು.

ಅದಕ್ಕೆ ಏನೇನು ಬೇಕು ಅಂತ ಮೊದಲು ತಿಳಿದುಕೊಳ್ಳಿ. ಸಪ್ಲೈ ಮೂರು: ಪ್ಲಸ್ 5, ಮೈನಸ್ 5, ಮೈನಸ್ 15. ಆ ಹದಿನಾಲ್ಕು ಕೆಪಾಸಿಟರ್‌ಗಳು 0.1 ಮೈಕ್ರೋಫ್ಯಾರಡ್ ಫಿಲ್ಮ್, ಚಿಪ್‌ಗೆ ಅಂಟಿಕೊಂಡೇ ಇರಬೇಕು. 16 ಮತ್ತು 17ನೇ ಪಿನ್ ನಡುವೆ 470 ಪಿಕೋಫ್ಯಾರಡ್. ಅದರ ಔಟ್‌ಪುಟ್ ಕರೆಂಟ್, ವೋಲ್ಟೇಜ್ ಅಲ್ಲ: 4 ಮಿಲಿಆಂಪ್. ಆ ಪಿನ್ ಮೇಲೆ 25 ಮಿಲಿವೋಲ್ಟ್‌ಗಿಂತ ಜಾಸ್ತಿ ಬೀಳಬಾರದು, ಅದಕ್ಕೇ ಬರೀ ದೊಡ್ಡ ರೆಸಿಸ್ಟರ್ ಹಾಕುವ ಹಾಗಿಲ್ಲ. ಕರೆಂಟನ್ನು ವೋಲ್ಟೇಜ್ ಮಾಡಲು ಎನ್‌ಇ5534 ಆಪ್ ಆಂಪ್, 1.5 ಕಿಲೋಓಮ್ ಫೀಡ್‌ಬ್ಯಾಕ್ ಹಾಕಿದರೆ 6 ವೋಲ್ಟ್ ಪೀಕ್ ಟು ಪೀಕ್, ಅಂದರೆ ಆರ್‌ಎಂಎಸ್ ಲೆಕ್ಕದಲ್ಲಿ ಸಿಡಿ ಪ್ಲೇಯರ್‌ನ ಹಾಗೆ ಸುಮಾರು 2.1 ವೋಲ್ಟ್.

ಬಿಡಿ ಚಿಪ್ ಬದಲು, ಲೇಸರ್ ಹೋಗಿ ಮೂಲೆಗೆ ಬಿದ್ದಿರುವ ಎಂಬತ್ತರ ದಶಕದ ಕೊನೆಯ ಫಿಲಿಪ್ಸ್ ಅಥವಾ ಮರಾಂಟ್ಜ್ ಸಿಡಿ ಪ್ಲೇಯರ್ ಹುಡುಕಿ. ಎಲ್ಲದರಲ್ಲೂ ಈ ಚಿಪ್ ಇರುವುದಿಲ್ಲ, ಮುಚ್ಚಳ ತೆಗೆಸಿ 28 ಕಾಲಿನ ಐಸಿ ಮೇಲಿನ ಹೆಸರು ಓದಿಯೇ ದುಡ್ಡು ಕೊಡಿ. ಅಸಲಿ ಚಿಪ್ ಸಿಗುತ್ತದೆ. ಮೂರೂ ಸಪ್ಲೈಗೆ ಆಗುವ ಟ್ರಾನ್ಸ್‌ಫಾರ್ಮರ್, ಒಳ್ಳೆಯ ಕಬ್ಬಿಣದ ಪೆಟ್ಟಿಗೆ ಕೂಡ ಅದರಲ್ಲೇ ಇರುತ್ತದೆ.

ಮಿಲಿವೋಲ್ಟ್:

ಸಿಕ್ಕಿದರೆ ನನಗೂ ಹೇಳಿ. ಕಣ್ಣು ಕಟ್ಟಲು ಬಟ್ಟೆ ನಾನು ತರುತ್ತೇನೆ, ಹಳೇ_ರೇಡಿಯೊ ಸರ್ ಕಾಫಿ ಕೊಡಿಸಲಿ. 300 ಹರ್ಟ್ಸ್ ಟೋನ್ ಫೈಲ್ ಪೈನಲ್ಲಿ ಮೊದಲೇ ಹಾಕಿಟ್ಟಿರಿ.